ಬಿಸಿನೀರೆಲ್ಲ ಖಾಲಿ ಮಾಡುವ ಬಸುರಿ

ಬಸುರಿಯರ ವಾಂತಿ ನನಗೆ ಹೊಸದಲ್ಲ. ವಿಜಯನಗರದ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಬೆಳಗಿನ ಒಪಿಡಿ ಶುರುವಾಗುವುದೇ ವಾಂತಿಯ ವರದಿಯಿಂದ. ಒಬ್ಬಳಿಗೆ ಅನ್ನ ಬೇಯುವ ವಾಸನೆ ಆಗದು, ಇನ್ನೊಬ್ಬಳಿಗೆ ಗಂಡನ ತಲೆಗೆ ಹಚ್ಚಿದ ಎಣ್ಣೆ ಆಗದು, ಮತ್ತೊಬ್ಬಳಿಗೆ ಗಂಡನೇ ಆಗದು. ಮೂರು ತಿಂಗಳು ತುಂಬಿ ನಾಲ್ಕು ಕಳೆಯುವ ಹೊತ್ತಿಗೆ ಹೆಚ್ಚಿನವರ ಹೊಟ್ಟೆ ತಾನಾಗಿ ತಹಬಂದಿಗೆ ಬರುತ್ತದೆ, ಗಂಡಂದಿರಿಗೂ ಮನೆಯೊಳಗೆ ಪ್ರವೇಶ ಸಿಗುತ್ತದೆ. ಹಾಗಾಗಿ ಆರ್‌ಪಿಸಿ ಲೇಔಟಿನ ಆ ಹುಡುಗಿ ನಾಲ್ಕು ತುಂಬಿದ ಮೇಲೂ ಮೂರನೆಯ ಸಲ ಡ್ರಿಪ್ ಹಾಕಿಸಿಕೊಳ್ಳಲು ಬಂದು ಮಲಗಿದಾಗ ಕನಿಕರಕ್ಕಿಂತ ಮೊದಲು ನನಗೆ ಅವಮಾನವಾಯಿತು. ನನ್ನ ಔಷಧಿಯನ್ನೂ ಲೆಕ್ಕಿಸದ ವಾಂತಿ ಯಾವುದಪ್ಪ ಅದು?

ಹುಡುಗಿ ರಾಜಾಜಿನಗರದ ಒಂದು ಕಚೇರಿಯಲ್ಲಿ ಮನೆಗಳ ನಕ್ಷೆ ತಯಾರಿಸುವ ಕೆಲಸದಲ್ಲಿದ್ದಳು, ವಾಂತಿಯ ದೆಸೆಯಿಂದ ಈಗ ರಜೆ. ಅವಳ ತಾಯಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಆರೈಕೆಯೆಲ್ಲ ಅತ್ತೆಯದು. ಆ ಅತ್ತೆ ಮಾಗಡಿ ರಸ್ತೆಯ ಆಚೆಯ ಹಳ್ಳಿಯಿಂದ ಬಂದವರು. ದನಿ ಗಟ್ಟಿ, ಮನಸ್ಸು ಮೆತ್ತಗೆ. ನಾನು ಹುಡುಗಿಯನ್ನು ಏನು ಕೇಳಿದರೂ ಉತ್ತರ ಅವರಿಂದಲೇ ಬರುತ್ತಿತ್ತು. "ಊಟ ಮಾಡಿದ್ಯಾ?" ಅಂದರೆ "ಎಲ್ಲಿ ಮಾಡ್ತಾಳೆ ಡಾಕ್ಟ್ರಮ್ಮ!" "ನಿದ್ದೆ ಬರುತ್ತಾ?" ಅಂದರೆ "ಮಧ್ಯಾಹ್ನ ಒಂಚೂರು." ಹುಡುಗಿಗೆ ಬಾಯಿ ಇದೆಯೋ ಇಲ್ಲವೋ ಎಂಬ ಅನುಮಾನ ಅವಳು ವಾಂತಿ ಮಾಡಿಕೊಂಡಾಗ ಮಾತ್ರ ಪರಿಹಾರವಾಗುತ್ತಿತ್ತು.

ಇಂಥ ವಾಂತಿಗೆ ನಮ್ಮಲ್ಲಿ ಒಂದು ಕ್ರಮವಿದೆ. ಹೊಟ್ಟೆಯಲ್ಲಿ ಅವಳಿ ಇದ್ದರೆ ವಾಂತಿ ಜಾಸ್ತಿ. ಸ್ಕ್ಯಾನಿನಲ್ಲಿ ಒಂದೇ ಕೂಸು, ಚೆನ್ನಾಗಿ ಮಿಡಿಯುತ್ತಿತ್ತು. ಥೈರಾಯ್ಡ್ ಸರಿಯಿತ್ತು, ಲಿವರ್ ಸರಿಯಿತ್ತು, ಮೂತ್ರದಲ್ಲಿ ಸೋಂಕಿರಲಿಲ್ಲ. ಮೂತ್ರದಲ್ಲಿ ಕೀಟೋನ್ ಮಾತ್ರ ಎದ್ದು ಕಾಣುತ್ತಿತ್ತು. ಹೊಟ್ಟೆಗೆ ಏನೂ ಸೇರದಾಗ ಮೈ ತನ್ನ ಕೊಬ್ಬನ್ನೇ ಕರಗಿಸಿಕೊಂಡು ಬದುಕುವುದರ ಗುರುತು ಅದು. ತೂಕ ಏರಬೇಕಾದ ಕಾಲದಲ್ಲಿ ಇವಳ ತೂಕ ಇಳಿಯುತ್ತಿತ್ತು. ಹೀಗೇ ಹೋದರೆ ಮಗು ಬೆಳೆಯುವುದು ಹೇಗೆ ಎಂಬ ಭಯ ನನ್ನಲ್ಲಿ ನಿಜವಾಗಿಯೂ ಹುಟ್ಟಿಕೊಂಡಿತು. ಮೊದಲು ವಿಟಮಿನ್ ಇಂಜೆಕ್ಷನ್, ಆಮೇಲೆ ಡ್ರಿಪ್, ವಾಂತಿ ನಿಲ್ಲುವ ಮಾತ್ರೆ. ವಾರ್ಡಿನಲ್ಲಿ ಎರಡು ಮೂರು ದಿನಕ್ಕೆ ಇಡ್ಲಿ ತಿನ್ನುವಷ್ಟಾಗುತ್ತಾಳೆ. ಮನೆಗೆ ಕಳಿಸಿದರೆ ವಾರ ಕಳೆಯುವುದರೊಳಗೆ ಮತ್ತೆ ಕಣ್ಣು ಗುಳಿಬಿದ್ದು ವಾಪಸು.

ಆಸ್ಪತ್ರೆಯಲ್ಲಿ ಸರಿಹೋಗುವವಳು ಮನೆಯಲ್ಲಿ ಕೆಡುತ್ತಾಳೆ ಅಂದರೆ ಮನೆಯಲ್ಲೇ ಏನೋ ಇದೆ ಎಂದು ನಾನು ತರ್ಕ ಮಾಡಿದೆ. ತರ್ಕ ಸರಿಯಾಗಿತ್ತು, ಬೆರಳು ತೋರಿಸಿದ ದಿಕ್ಕು ತಪ್ಪಿತ್ತು. ಒಗ್ಗರಣೆಯ ವಾಸನೆಯೇ ಕಾರಣವೆಂದು ತೀರ್ಮಾನಿಸಿ, ಮನೆಯಲ್ಲಿ ಒಗ್ಗರಣೆ ಬಂದ್ ಮಾಡಿಸಿದೆ. ಆ ಮಹಾತಾಯಿ ಅದನ್ನೂ ಪಾಲಿಸಿದರು. ಇಡೀ ಮನೆ ಒಗ್ಗರಣೆಯಿಲ್ಲದ ಸಾರು ಉಂಡಿತು. ವಾಂತಿ ನಿಲ್ಲಲಿಲ್ಲ. ಈ ಅನುಭವ ಬರೆಯಲು ಅತ್ತೆ ಸೊಸೆ ಇಬ್ಬರೂ ಸಂತೋಷದಿಂದ ಒಪ್ಪಿದ್ದಾರೆ. ಆದರೆ ಅತ್ತೆಯದು ಒಂದು ಷರತ್ತು: ವಾಂತಿಗೆ ತಮ್ಮ ಅಡುಗೆ ಕಾರಣವಲ್ಲವೆಂದು ಸ್ಪಷ್ಟವಾಗಿ ಬರೆಯಬೇಕು. ಬರೆದಿದ್ದೇನೆ.

"ವಾಸ್ನೆ ಅಂದ್ರೆ ಇನ್ನೊಂದಿದೆ ಡಾಕ್ಟ್ರಮ್ಮ" ಎಂದು ಅವರೇ ಒಂದು ದಿನ ದೂರು ತಂದರು. "ಪಕ್ಕದ್ಮನೆ ರಿಟೈರ್ಡ್ ಮೇಷ್ಟ್ರು ಸಂಜೆ ಆದ್ರೆ ಸಾಕು, ಹೊಂಗೆ ಎಲೆ ಗುಡ್ಸಿ ಸುಡ್ತಾರೆ. ನಮ್ಮ ಮಹಡಿ ಮೇಲೆಲ್ಲ ಅದೇ ಘಾಟು. ಇವಳು ಪಾಪ, ಗಾಳಿಗೆ ಅಂತ ಮೇಲೆ ಹೋದ್ರೆ ಆ ಹೊಗೆ."

"ಹಾಗಾದ್ರೆ ಅದನ್ನ ನಿಲ್ಲಿಸಿ" ಎಂದೆ ನಾನು, ಮಹಾ ಪಂಡಿತೆಯಂತೆ. ಅವರು ಹೋಗಿ ಮೇಷ್ಟ್ರ ಜೊತೆ ಜಗಳವಾಡಿ, ಎಷ್ಟೋ ವರ್ಷದ ಮಾತುಕತೆ ಬಿಟ್ಟು ಬಂದರು. ವಾಂತಿ ಆಗಲೂ ನಿಲ್ಲಲಿಲ್ಲ.

ನಿಜವಾದ ಸುಳಿವು ಬಂದದ್ದು ಮತ್ತೊಂದು ದೂರಿನ ರೂಪದಲ್ಲಿ. ಆ ದಿನ ಅತ್ತೆ ಸೀನುತ್ತ ಬಂದಿದ್ದರು. ನೆಗಡಿಯೇ ಎಂದು ಕೇಳಿದೆ.

"ಇನ್ನೇನ್ ಬರುತ್ತೆ! ದಿನಾ ತಣ್ಣೀರಲ್ಲಿ ಸ್ನಾನ. ಸೋಲಾರ್ ನೀರೆಲ್ಲ ಇವಳೇ ಖಾಲಿ ಮಾಡ್ತಾಳೆ. ಬೆಳಗ್ಗೆ ಒಂದ್ಸಲ, ತಿಂಡಿ ಹೊತ್ಗೆ ಒಂದ್ಸಲ, ಮಧ್ಯಾಹ್ನ ಮತ್ತೆ. ಬಚ್ಚಲಿಗೆ ಹೋದ್ರೆ ಈಚೆಗೇ ಬರಲ್ಲ. ಕೇಳಿದ್ರೆ, ಬಿಸ್ನೀರು ಮೈಮೇಲೆ ಬಿದ್ರೆ ಮಾತ್ರ ಹಿತ ಅಂತಾಳೆ. ನಾನೂ ಬಸುರಿ ಆಗಿದ್ದೆ ಕಣ್ರಮ್ಮ, ಹಿಂಗೆ ಮೀನಿನ ಥರ ನೀರಲ್ಲೇ ಇರ್ಲಿಲ್ಲ."

ನಾನು ನಕ್ಕು, ತುಂಬಾ ಬಿಸಿ ನೀರು ಒಳ್ಳೆಯದಲ್ಲ ಎಂದಷ್ಟೇ ಹೇಳಿ ಕಳಿಸಿದೆ. ಮರುದಿನ ಬೆಳಗ್ಗೆ ನನ್ನದೇ ಬಚ್ಚಲಲ್ಲಿ, ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುತ್ತಿರುವಾಗ ಸಟ್ಟನೆ ನೆನಪಾಯಿತು. ಬಹಳ ಕಾಲ ಗಾಂಜಾ ಸೇದಿದವರಲ್ಲಿ ಕೆಲವರಿಗೆ ಬಿಡದೆ ವಾಂತಿ ಬರುತ್ತದೆ, ಬಿಸಿನೀರಿನ ಸ್ನಾನ ಮಾಡಿದರೆ ಮಾತ್ರ ಇಳಿಯುತ್ತದೆ ಎಂದು ಎಂದೋ ಓದಿದ್ದೆ. ವಾಂತಿಗೆ ಮದ್ದೆಂದು ಅವರು ಇನ್ನಷ್ಟು ಸೇದುತ್ತಾರೆ, ಸೇದಿದಷ್ಟೂ ವಾಂತಿ ಹೆಚ್ಚುತ್ತದೆ. ಸೋಪು ತೊಳೆದುಕೊಂಡೆನೋ ಇಲ್ಲವೋ ಗೊತ್ತಿಲ್ಲ, ಹೊರಗೆ ಬಂದವಳೇ ನನ್ನ ಸಹಪಾಠಿಯಾಗಿದ್ದ ಮನೋವೈದ್ಯೆಗೆ ಫೋನು ಮಾಡಿದೆ.

"ಕೇಳಿ ನೋಡು" ಎಂದಳು ಅವಳು. "ಆದ್ರೆ ಅತ್ತೆ ಎದುರಿಗೆ ಕೇಳ್ಬೇಡ ಮಾರಾಯ್ತಿ."

ಹೇಳುವುದು ಸುಲಭ. ನಮ್ಮ ಕಡೆ ಬಸುರಿಯೊಬ್ಬಳು ವೈದ್ಯರ ಮುಂದೆ ಒಂಟಿಯಾಗಿ ಕೂರುವುದೆಂದರೆ ಮನೆಯವರು ಅವಳ ಕೈಬಿಟ್ಟಿದ್ದಾರೆ ಎಂದೇ ಅರ್ಥ. ಸ್ಕ್ಯಾನಿಂಗ್ ಕೋಣೆಗೂ ಅತ್ತೆ, ತೂಕದ ಯಂತ್ರದವರೆಗೂ ಅತ್ತೆ. ಹೊರಗೆ ಹೋಗಿ ಅಂದರೆ ಅನುಮಾನ, ಹೋಗದಿದ್ದರೆ ಕೆಲಸ ಕೆಟ್ಟಿತು. ನಾನು ಅವರಿಗೇ ರೋಗಿಯ ಪಟ್ಟ ಕಟ್ಟಿದೆ. "ಅಮ್ಮ, ಇವಳನ್ನ ನೋಡ್ಕೊಂಡು ನೋಡ್ಕೊಂಡು ನೀವೇ ಸೊರಗಿದೀರ. ಮೊದಲು ನಿಮ್ಮ ಬಿಪಿ ನೋಡೋಣ" ಎಂದೆ. ಅವರ ಮುಖ ಅರಳಿತು. ಎರಡೂ ಕೈಗೆ, ಮಲಗಿಸಿ, ಕೂರಿಸಿ, ನಿಲ್ಲಿಸಿ, ನಿಧಾನವಾಗಿ ಅಳೆಯಬೇಕೆಂದು ನಮ್ಮ ಸಿಸ್ಟರಿಗೆ ಮೊದಲೇ ಹೇಳಿಟ್ಟಿದ್ದೆ. ತಮಾಷೆಗೆ ಮಾಡಿದ್ದು ನಿಜವೇ ಆಯಿತು. ಬಿಪಿ ಏರಿತ್ತು, ಅವರಿಗೂ ಅಂದಿನಿಂದ ಮಾತ್ರೆ ಶುರುವಾಯಿತು.

ಬಾಗಿಲು ಮುಚ್ಚಿದ ಮೇಲೆ, "ನಿಂಗೆ ಏನಾದ್ರೂ ಅಭ್ಯಾಸ ಇದೆಯೇನಮ್ಮ?" ಎಂದು ಕೇಳಿದೆ. "ಇಲ್ಲ ಮೇಡಂ" ಎಂಬ ಉತ್ತರ ನನ್ನ ಪ್ರಶ್ನೆ ಮುಗಿಯುವ ಮೊದಲೇ ಬಂತು. ಹಾಗೆ ಕೇಳಿದರೆ ದೇವರೂ ಇಲ್ಲ ಅನ್ನುತ್ತಾನೆ. ಬೇರೆ ಬಾಗಿಲಿನಿಂದ ಹೋದೆ.

"ಬಿಸಿನೀರು ಹುಯ್ಕೊಂಡ್ರೆ ವಾಂತಿ ನಿಲ್ಲುತ್ತೆ. ಈಚೆಗೆ ಬಂದ್ರೆ ಮತ್ತೆ ಶುರು. ಹೌದಾ?"

ಹುಡುಗಿ ಕಣ್ಣರಳಿಸಿದಳು. "ನಿಮಗೆ ಹೆಂಗೆ ಗೊತ್ತು?"

"ಗಾಂಜಾ ಸೇದೋರಿಗೆ ಹಾಗಾಗುತ್ತೆ. ನಿನ್ನ ಬೈಯೋಕೆ ಕೇಳ್ತಿಲ್ಲ. ವಾಂತಿ ನಿಲ್ಸೋಕೆ ಕೇಳ್ತಿದೀನಿ."

ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ, "ಪೊಲೀಸ್‌ಗೆ ಹೇಳ್ತೀರಾ?" ಎಂದಳು.

"ನಂಗೆ ಹೆರಿಗೆ ಮಾಡ್ಸೋಕೇ ಪುರುಸೊತ್ತಿಲ್ಲ."

"ನಮ್ಮತ್ತೆಗೆ?"

ಪೊಲೀಸರಿಗಿಂತ ಇದು ದೊಡ್ಡ ಪ್ರಶ್ನೆ ಎಂದು ಅವಳ ದನಿಯಲ್ಲೇ ತಿಳಿಯಿತು. ಇಲ್ಲ ಎಂದು ಮಾತು ಕೊಟ್ಟೆ. ಆಗ ಕಟ್ಟೆ ಒಡೆಯಿತು. ಕಾಲೇಜಿನಲ್ಲಿ ನಕ್ಷೆಗಳನ್ನು ಮುಗಿಸುವ ಒತ್ತಡದಲ್ಲಿ ಶುರುವಾದದ್ದು, ಆಮೇಲೆ ದಿನಾ ಸಂಜೆ ಕೆಲಸ ಬಿಟ್ಟ ಮೇಲೆ ಒಂದು. ಸಿಗರೇಟಿನ ತಂಬಾಕು ಬೆರೆಸಿ, ಸುತ್ತಿ, ಮಹಡಿಯ ಮೇಲೆ ಸೋಲಾರ್ ಟ್ಯಾಂಕಿನ ಮರೆಯಲ್ಲಿ, ಅತ್ತೆ ಕೆಳಗೆ ಧಾರಾವಾಹಿ ನೋಡುವ ಹೊತ್ತಿಗೆ. ಮದುವೆಯಾದ ಮೇಲೆ ಗಂಡನೂ ಜೊತೆಗೂಡಿದ್ದ. ಬಸುರಿ ಎಂದು ತಿಳಿದ ದಿನ ಬಿಡಬೇಕೆಂದುಕೊಂಡಳಂತೆ. ಅಷ್ಟರಲ್ಲಿ ವಾಂತಿ ಬಂತು, ಸೇದಿದರೆ ಒಂದು ಗಳಿಗೆ ಸಮಾಧಾನವಾಯಿತು, ಒಂದು ಹೋಗಿ ಮೂರಾಯಿತು. ಮಹಡಿಯ ಮೇಲಿನ ಘಾಟು ಮೇಷ್ಟ್ರ ಹೊಂಗೆ ಎಲೆಯದಲ್ಲ, ಇವಳದೇ ಎಂಬ ಗುಟ್ಟು ನನಗೆ ಆಗಲೇ ಬಯಲಾಗಿದ್ದು. ಆ ಸಾಧುಪ್ರಾಣಿಯ ಮೇಲೆ ಜಗಳಕ್ಕೆ ಕಳಿಸಿದ್ದು ನಾನೇ ಅಲ್ಲವೇ ಎಂದು ಒಳಗೊಳಗೇ ನಾಚಿಕೆಯಾಯಿತು.

"ನಾನು ಕೊಟ್ಟ ಮಾತ್ರೆ?"

"ತಗೊಂಡಿಲ್ಲ ಮೇಡಂ. ಇಂಗ್ಲಿಷ್ ಮಾತ್ರೆ, ಮಗುಗೆ ಏನಾದ್ರೂ ಆದ್ರೆ ಅಂತ ಭಯ. ಇದಾದ್ರೆ ನ್ಯಾಚುರಲ್ ಅಲ್ವಾ? ಸೊಪ್ಪು ತಾನೆ?"

ಅಲ್ಲಿಯವರೆಗೆ ಕಾಪಾಡಿಕೊಂಡಿದ್ದ ನನ್ನ ಶಾಂತಿ ಮಣ್ಣುಪಾಲಾಯಿತು. "ಎಕ್ಕದ ಗಿಡದಲ್ಲೂ ಸೊಪ್ಪೇ ಇರೋದು ಕಣಮ್ಮ. ಪಲ್ಯ ಮಾಡ್ಕೊಂಡು ತಿಂತೀಯಾ?" ಎಂದು ಕೂಗಿಯೇ ಬಿಟ್ಟೆ. ಬೈಯುವುದಿಲ್ಲ ಎಂದು ಹೇಳಿ ಐದು ನಿಮಿಷವೂ ಆಗಿರಲಿಲ್ಲ. ಅವಳು ಬೆದರಿ ನೋಡಿದಳು, ಆಮೇಲೆ ಇದ್ದಕ್ಕಿದ್ದಂತೆ ನಕ್ಕಳು. ನಾನೂ ನಕ್ಕೆ. ನಗುತ್ತಲೇ, ಗಾಂಜಾ ರಕ್ತದಿಂದ ಮಗುವಿಗೆ ಹೋಗುತ್ತದೆ, ಮಗುವಿನ ತೂಕ ಕಡಿಮೆಯಾಗಬಹುದು, ಹೆರಿಗೆ ಬೇಗ ಆಗಬಹುದು, ಜೊತೆಗೆ ತಂಬಾಕಿನ ಕಾಟ ಬೇರೆ ಎಂದೆಲ್ಲ ಬಿಡಿಸಿ ಹೇಳಿದೆ. ನನ್ನ ಮಾತ್ರೆಯನ್ನು ಎಷ್ಟೋ ವರ್ಷಗಳಿಂದ ಬಸುರಿಯರಿಗೆ ಕೊಡುತ್ತಿದ್ದೇವೆ, ಅದರ ಒಳಿತು ಕೆಡುಕು ನಮಗೆ ಗೊತ್ತು. ಮಹಡಿಯ ಮೇಲೆ ನೀನು ಸುತ್ತುವುದರಲ್ಲಿ ಏನೇನಿದೆ ಅಂತ ಮಾರಿದವನಿಗೂ ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿದಳು.

ಗಂಡನನ್ನು ಕರೆಸಿದೆ. ಆರಡಿ ಎತ್ತರದ, ಕೈಕಟ್ಟಿ ನಿಂತ ಹುಡುಗ. "ನಾನು ಬಿಟ್ಬಿಟ್ಟೆ ಮೇಡಂ" ಎಂದ ಹೆಮ್ಮೆಯಿಂದ. "ಇವಳಿಗೆ ಮಾತ್ರ ತಂದು ಕೊಡ್ತೀನಿ."

"ಯಾಕಪ್ಪಾ ಈ ಧರ್ಮಕಾರ್ಯ?"

"ಬಸುರಿ ಕೇಳಿದ್ದು ಇಲ್ಲ ಅನ್ಬಾರ್ದು, ಬಯಕೆ ತೀರಿಸದಿದ್ರೆ ಹುಟ್ಟೋ ಮಗುಗೆ ಕಿವಿ ಸೋರುತ್ತೆ ಅಂತ ಅಮ್ಮ ದಿನಾ ಹೇಳ್ತಾರೆ."

ಮಾವಿನಕಾಯಿ, ಹುಣಸೆಹಣ್ಣು, ಕೊನೆಗೆ ಒಲೆಯ ಮಣ್ಣನ್ನೂ ಬಯಸಿದವರನ್ನು ಕಂಡಿದ್ದೇನೆ. ಶಾಸ್ತ್ರೋಕ್ತವಾಗಿ ಗಾಂಜಾ ಬಯಕೆ ತೀರಿಸಿದ ಗಂಡನನ್ನು ಕಂಡದ್ದು ಅದೇ ಮೊದಲು. ಕಿವಿ ಸೋರಿದರೆ ಔಷಧಿ ನಾನು ಕೊಡಿಸುತ್ತೇನೆ, ನೀನು ತರುವುದು ನಿಲ್ಲಿಸು ಎಂದು ಗದರಿಸಿ ಕಳಿಸಿದೆ.

ಬಿಡುವುದು ಅಂದುಕೊಂಡಷ್ಟು ಹಗುರವಾಗಿರಲಿಲ್ಲ. ಮೊದಲ ದಿನಗಳಲ್ಲಿ ಅವಳಿಗೆ ನಿದ್ದೆ ಹಾರಿತು, ಮೂಗಿನ ಮೇಲೆ ಸಿಟ್ಟು, ಊಟದ ತಟ್ಟೆ ಕಂಡರೆ ವಾಕರಿಕೆ. ಇದೆಲ್ಲ ಬರುತ್ತದೆ, ಬಂದು ಹೋಗುತ್ತದೆ ಎಂದು ಮೊದಲೇ ಹೇಳಿದ್ದೆ. ಹೇಳಿಸಿಕೊಳ್ಳುವುದು ಬೇರೆ, ಅನುಭವಿಸುವುದು ಬೇರೆ. ವಾರ ಕಳೆದ ಮೇಲೆ ತಾನಾಗಿಯೇ ಬಂದು ನನ್ನ ಮುಂದೆ ಕೂತಳು. ಅತ್ತೆ ಆಚೆ ಬಿಪಿ ನೋಡಿಸಿಕೊಳ್ಳುತ್ತಿದ್ದರು, ಈಗ ಅದು ವಾಡಿಕೆಯೇ ಆಗಿತ್ತು.

"ನಿನ್ನೆ ಸೇದ್ದೆ ಮೇಡಂ. ಅತ್ತು ಕರೆದು ಅವರ ಕೈಲಿ ತರಿಸ್ದೆ. ಸಂಜೆ ಆದ್ರೆ ಕಾಲು ತಾನಾಗೇ ಮಹಡಿ ಹತ್ತುತ್ತೆ. ನನ್ನ ಕೈಲಿ ಆಗಲ್ಲ. ನಾನು ಕೆಟ್ಟ ತಾಯಿ."

"ಕೆಟ್ಟ ತಾಯಿ ಇಲ್ಲಿ ಬಂದು ಹೇಳ್ತಿರ್ಲಿಲ್ಲ" ಎಂದೆ. ನಿಜಕ್ಕೂ ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ತುಂಬಾ ಪ್ರೀತಿ ಬಂತು. ಆದರೆ ಪ್ರೀತಿಯಿಂದ ಕೀಟೋನ್ ಇಳಿಯುವುದಿಲ್ಲ. ಅವಳು ಹೋದ ಮೇಲೆ ಬಹಳ ಯೋಚಿಸಿದೆ. ಅತ್ತೆಗೆ ಹೇಳಿಬಿಟ್ಟರೆ ಕಾವಲು ಸುಲಭ, ಆ ಗಟ್ಟಿಗಿತ್ತಿಯ ಕಣ್ತಪ್ಪಿಸಿ ಯಾರೂ ಮಹಡಿ ಹತ್ತಲಾರರು. ಆದರೆ ಕೊಟ್ಟ ಮಾತು ಮುರಿದರೆ ಹುಡುಗಿ ಮತ್ತೆ ನನ್ನ ಬಳಿ ನಿಜ ಹೇಳುವುದಿಲ್ಲ. ನಿಜ ಹೇಳದವಳ ಹೊಟ್ಟೆಯಲ್ಲಿನ ಮಗುವನ್ನು ನಾನು ಕಾಯುವುದಾದರೂ ಹೇಗೆ? ಅವಳ ಮಾತಿನಲ್ಲೇ ದಾರಿ ಇತ್ತು. ಕಾಲು ಮಹಡಿ ಹತ್ತುವುದು ಸಂಜೆ. ಆ ಸಂಜೆಯೊಂದನ್ನು ಅವಳ ಕೈಯಿಂದ ಕಿತ್ತುಕೊಂಡರೆ ಸಾಕು.

ಮರುದಿನವೇ ಹುಡುಗಿಯನ್ನು ಕರೆಸಿ ಉಪಾಯ ಹೇಳಿ ಒಪ್ಪಿಸಿದೆ. ಆಮೇಲೆ ಅತ್ತೆಯನ್ನು ಒಳಗೆ ಕರೆದು ಗಂಭೀರವಾಗಿ ಚೀಟಿ ಬರೆದೆ. ದಿನಾ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಪಾರ್ಕಿಗೆ ಹೋಗಿ ನಡೆಯಬೇಕು, ಕತ್ತಲಾಗುವವರೆಗೆ ಮನೆಗೆ ಬರಬಾರದು. ಮಾತ್ರೆ ಅತ್ತೆಯ ಕೈಯಿಂದಲೇ ನುಂಗಿಸಬೇಕು.

"ಧಾರಾವಾಹಿ ಟೈಮಲ್ವಾ ಡಾಕ್ಟ್ರಮ್ಮ" ಎಂದು ರಾಗ ಎಳೆದರು.

"ಮೊಮ್ಮಗು ಬೇಕಾ, ಧಾರಾವಾಹಿ ಬೇಕಾ?"

"ಏಳೇ, ನಾಳೆಯಿಂದ್ಲೇ" ಎಂದರು ಸೊಸೆಗೆ. ಆಮೇಲಿನದು ನಾನು ಕಣ್ಣಾರೆ ಕಂಡದ್ದು, ಏಕೆಂದರೆ ನಾನು ಮನೆಗೆ ಹೋಗುವ ದಾರಿಯೂ ಆ ಪಾರ್ಕಿನ ಪಕ್ಕದ್ದೇ. ಸೀರೆಯ ಕೆಳಗೆ ಮಗನ ಬೂಟು ಹಾಕಿಕೊಂಡ ಅತ್ತೆ ಮುಂದೆ, ಬಳಲಿದ ಸೊಸೆ ಹಿಂದೆ. ಮೊದಮೊದಲು ಅತ್ತೆಯದೇ ಮಾತು. ಕೆಲವು ವಾರಗಳಲ್ಲಿ ಸೊಸೆಯ ದನಿಯೂ ಕೇಳತೊಡಗಿತು. ಒಂದು ಸಂಜೆ ನೋಡಿದರೆ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಯಾರನ್ನೋ ಆಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಬಹುಶಃ ನನ್ನನ್ನೇ.

ವಾಂತಿ ಒಮ್ಮೆಲೇ ನಿಲ್ಲಲಿಲ್ಲ. ದಿನಕ್ಕೆ ಹಲವು ಸಲ ಇದ್ದದ್ದು ಒಂದೆರಡಾಯಿತು, ಆಮೇಲೆ ದಿನ ಬಿಟ್ಟು ದಿನ. ಮೂತ್ರದ ಕೀಟೋನ್ ಮಾಯವಾಯಿತು. ಅದು ಅವರೆಕಾಯಿಯ ಕಾಲ. ಒಂದು ಬೆಳಗ್ಗೆ ಒಪಿಡಿ ಮಧ್ಯದಲ್ಲಿ ಅತ್ತೆಯ ಫೋನು ಬಂತು. ಏನಾಯಿತೋ ಎಂದು ಗಾಬರಿಯಿಂದ ಎತ್ತಿದೆ.

"ಅವರೆಕಾಳು ಉಪ್ಪಿಟ್ಟು ತಿಂದ್ಲು ಡಾಕ್ಟ್ರಮ್ಮ! ಒಗ್ಗರಣೆ ಹಾಕಿದ್ದೇ! ಇನ್ನೊಂದ್ಸಲ ಹಾಕುಸ್ಕೊಂಡ್ಲು!" ಎಂದು ಕಿರುಚಿದರು. ಎದುರಿಗೆ ಕೂತಿದ್ದ ರೋಗಿಗೂ ಕೇಳಿಸಿ ಅವಳೂ ನಕ್ಕಳು. ಆ ವಾರವೇ ನೀರಿನ ದೂರೂ ನಿಂತಿತು. ಸೋಲಾರಿನಲ್ಲಿ ಈಗ ಎಲ್ಲರಿಗೂ ಬಿಸಿನೀರು ಉಳಿಯುತ್ತಿತ್ತು. ಏಳನೆಯ ತಿಂಗಳಲ್ಲಿ ಸ್ಕ್ಯಾನ್ ಮಾಡಿದಾಗ ಮಗು ತುಸು ಸಣ್ಣದಾದರೂ ಬೆಳವಣಿಗೆಯ ಚಾರ್ಟಿನಲ್ಲಿ ತನ್ನ ಗೆರೆ ಬಿಡದೆ ಬೆಳೆಯುತ್ತಿತ್ತು. ಅವಳು ಆ ಗೆರೆಯನ್ನು ತನ್ನ ಕಚೇರಿಯ ನಕ್ಷೆಯಂತೆ ಬೆರಳಿಟ್ಟು ಹಿಂಬಾಲಿಸಿದಳು. ಸೀಮಂತದ ಕೋಸಂಬರಿ, ಹೋಳಿಗೆ ನಮ್ಮ ಆಸ್ಪತ್ರೆಯ ಸಿಸ್ಟರುಗಳಿಗೂ ಬಂತು.

ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಮಗು, ಎರಡೂವರೆ ಕಿಲೋ ದಾಟಿದ್ದು, ಅಜ್ಜಿಯಂತೆಯೇ ಗಟ್ಟಿ ದನಿ. ಮನೆಗೆ ಹೊರಡುವ ದಿನ ಹುಡುಗಿ ನನ್ನ ಕೈ ಹಿಡಿದು ಕಿವಿಯಲ್ಲಿ ಕೇಳಿದಳು, "ಮೇಡಂ, ಇನ್ನು ಮಗು ಹೊಟ್ಟೇಲಿಲ್ಲ. ಯಾವಾಗ್ಲಾದ್ರೂ, ತೀರಾ ಬೇಕು ಅನ್ನಿಸಿದ್ರೆ?"

"ಹೊಟ್ಟೇಲಿಲ್ಲ, ಎದೇಲಿದೆ" ಎಂದೆ. ಗಾಂಜಾ ಮೈಯ ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ, ಅಲ್ಲಿಂದ ಎಷ್ಟೋ ದಿನ ಹಾಲಿಗೆ ಇಳಿಯುತ್ತದೆ, ಕುಡಿದ ಮಗುವಿಗೆ ಮಂಪರು ಬಂದು ಸರಿಯಾಗಿ ಚೀಪುವುದಿಲ್ಲ ಎಂದು ವಿವರಿಸಿದೆ. ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು.

ಎರಡು ವಾರದ ಬಳಿಕ ಹೊಲಿಗೆ ತೋರಿಸಲು ಬಂದರು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸ್ ಹಾಕಿದ ಬಾಣಂತಿ, ಹಿಂದೆ ಮಗುವನ್ನೆತ್ತಿಕೊಂಡ ಅತ್ತೆ. ಮಗು ಹುಟ್ಟಿದ ತೂಕವನ್ನು ದಾಟಿ ಮುಂದೆ ಹೋಗಿತ್ತು. ಎಲ್ಲ ಸೊಗಸಾಗಿದೆ ಎಂದು ನಾನು ಹೇಳುವಷ್ಟರಲ್ಲಿ ಅತ್ತೆ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ಎಲ್ಲ ಸರಿ ಡಾಕ್ಟ್ರಮ್ಮ, ಲೇಹ್ಯ ಮಾತ್ರ ಬಾಯಿಗಿಡಲ್ಲ ಅಂತಾಳೆ. ಮೊದಲ ದಿನ ನಾಲಿಗೆ ಮೇಲಿಟ್ಟು ಉಗುದ್ಲು. ಒಂದಿನ ವಾಕರಿಕೆ ಅಂದ್ಲು, ಒಂದಿನ ಖಾರ ಅಂದ್ಲು, ನಿನ್ನೆ ಹಲ್ಲುನೋವು ಅಂದ್ಲು. ಲೇಹ್ಯ ಯಾರಾದ್ರೂ ಕಡ್ಕೊಂಡು ತಿಂತಾರಾ? ನೀವೇ ಬುದ್ಧಿ ಹೇಳಿ. ಶುಂಠಿ, ಮೆಣಸು, ಹಿಪ್ಪಲಿ, ಓಮ, ಹಳೇ ಬೆಲ್ಲ, ತುಪ್ಪ, ಎಲ್ಲ ನಾನೇ ಕಾಯಿಸಿದ್ದು. ಜೊತೆಗೆ ನಮ್ಮೂರ ನಾಟಿ ವೈದ್ಯರ ನಿದ್ದೆ ಪುಡಿ. ಬಾಣಂತಿಗೆ ಹಸಿವು, ನಿದ್ದೆ ಎರಡೂ ಚೆನ್ನಾಗ್ ಬರುತ್ತೆ."

ಬಾಣಂತಿ ಲೇಹ್ಯ ಎಂದರೆ ನನಗೆ ಪ್ರಾಣ. ನನ್ನ ಬಾಣಂತನದಲ್ಲಿ ಬಾಟಲಿ ಬಳಿದು ತಿಂದವಳು ನಾನು. "ಕೊಡಿ ಇಲ್ಲಿ, ನಾನು ತಿಂದು ತೋರಿಸ್ತೀನಿ ಇವಳಿಗೆ" ಎಂದು ಮುಚ್ಚಳ ತೆಗೆದು, ಡಬ್ಬಿಯ ಊಟಕ್ಕೆ ಇಟ್ಟುಕೊಂಡ ಚಮಚ ಅದ್ದಿ, ಧಾರಾಳವಾಗಿ ಎತ್ತಿಕೊಂಡೆ. ಶುಂಠಿಯ ಘಮ ಮೂಗಿಗೆ ಬಡಿಯಿತು.

"ಮೇಡಂ, ತಿನ್ಬೇಡಿ!"

ಹುಡುಗಿ ಕೂಗಿದ ರಭಸಕ್ಕೆ ಮಗು ಬೆಚ್ಚಿ ಅಳತೊಡಗಿತು. ಚಮಚ ನನ್ನ ತುಟಿಯ ಹತ್ತಿರವೇ ನಿಂತಿತು.

"ಅದ್ರಲ್ಲಿ ಭಂಗಿ ಸೊಪ್ಪಿದೆ" ಎಂದಳು. "ಗಾಂಜಾ ಗಿಡದ್ದೇ."

ಅತ್ತೆ ಮಗುವನ್ನು ತಟ್ಟುತ್ತ ಅವಳನ್ನೇ ದಿಟ್ಟಿಸಿದರು. "ಅದ್ರ ರುಚಿ ನಿಂಗೆ ಹೆಂಗೇ ಗೊತ್ತು?"

ಆಸ್ಪತ್ರೆಯಲ್ಲಿ ಪಾಠ ಮಾಡುವಾಗ ನಾನೇ ತೋರಿಸಿದ್ದೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು. ಬಾಯಿ ತೆರೆದೆ. ಹುಡುಗಿ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅತ್ತೆಯ ಕಡೆ ತಿರುಗಿ ಕೂತಳು.

"ಕಾಲೇಜಲ್ಲಿ ಹೋಳಿ ದಿನ ಅದ್ರ ಲಡ್ಡು ತಿಂತಿದ್ವಿ ಅತ್ತೆ. ಆಮೇಲೆ ದಿನಾ ಸೇದ್ತಿದ್ದೆ. ಮದುವೆ ಆದ್ಮೇಲೂ. ಹೊಟ್ಟೇಲಿ ಇವಳಿದ್ದಾಗ್ಲೂ ನಾಲ್ಕೈದು ತಿಂಗಳು ಸೇದಿದೀನಿ. ಆ ವಾಂತಿ ಬಂದಿದ್ದೇ ಅದ್ರಿಂದ. ಮೇಡಂ ಬಿಡ್ಸಿದ್ರು. ನೀವು ನನ್ನ ಮನೇಲಿಟ್ಕೊಳ್ದಿದ್ರೂ ಪರ್ವಾಗಿಲ್ಲ, ಈ ಲೇಹ್ಯ ಮಾತ್ರ ತಿನ್ನಲ್ಲ. ಹಾಲಲ್ಲಿ ಮಗುಗೆ ಹೋಗುತ್ತೆ."

ಅತ್ತೆ ಮಗುವನ್ನು ಸೊಸೆಯ ಮಡಿಲಿಗೆ ಹಾಕಿ, ಫೋನು ತೆಗೆದು, ಊರಿನಲ್ಲಿರುವ ತಮ್ಮ ಅಣ್ಣನಿಗೆ ಹಚ್ಚಿದರು. ಸ್ಪೀಕರ್ ಆನಾಗಿತ್ತು.

"ಅಣ್ಣಾ, ಆ ವೈದ್ಯರ ನಿದ್ದೆ ಪುಡೀಲಿ ಏನಿರುತ್ತೆ?"

"ಇನ್ನೇನಿರುತ್ತೆ, ಭಂಗಿ ಸೊಪ್ಪು ಹುರ್ದು ಹಾಕಿರ್ತಾನೆ. ಹಿಂದಿನಿಂದ್ಲೂ ಹಂಗೇ. ಯಾಕೆ, ಸಾಲ್ದಾ? ಇನ್ನೊಂದ್ ಪೊಟ್ಟಣ ಕಳ್ಸ್ಲಾ?"

ಫೋನು ಇಟ್ಟರು. ಬೈಗುಳಕ್ಕೆ ನಾನು ಸಿದ್ಧಳಾಗಿಯೇ ಕುಳಿತಿದ್ದೆ, ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಆದರೆ ಅತ್ತೆಯ ಕಣ್ಣು ಎಲ್ಲೋ ಹಿಂದಕ್ಕೆ ಹೋಗಿತ್ತು.

"ನಂಗೂ ಇದೇ ಹಾಕಿದ್ರು ಡಾಕ್ಟ್ರಮ್ಮ" ಎಂದರು, ಅವರದಲ್ಲದ ಸಣ್ಣ ದನಿಯಲ್ಲಿ. "ನನ್ನ ಮಗ ಹುಟ್ದಾಗ. ನಮ್ಮತ್ತೆ ಉಂಡೆ ಉಂಡೆ ತಿನ್ನಿಸಿದ್ರು. ಎದೆಗೆ ಹಾಕ್ಕೊಂಡ್ರೆ ಮಗು ಎರಡು ಗುಟುಕು ಕುಡಿಯೋದು, ನಿದ್ದೆ ಹೋಗೋದು. ಎಷ್ಟು ಸಾಧು ಮಗು ಅಂತ ಎಲ್ರೂ ಅಂದ್ರು. ಇಳ್ದು ಕಡ್ಡಿ ಆದ. ಆಮೇಲೆ ನಮ್ಮತ್ತೆ, ಇವಳಿಗೆ ಹಾಲಿಲ್ಲ ಅಂತ ಊರಿಗೆಲ್ಲ ಸಾರಿ, ಹಸಿನ ಹಾಲು ಹಾಕಿ ಬೆಳೆಸಿದ್ರು. ಹಾಲಿಲ್ದೋಳು, ಹಾಲಿಲ್ದೋಳು ಅಂತ ಸಾಯೋತನಕ ಅಂದ್ರು. ನಾನೂ ಹಂಗೇ ಅನ್ಕೊಂಡಿದ್ದೆ, ಇವತ್ತಿನ್ವರೆಗೂ."

ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ. "ಖಂಡಿತ ಅಂತ ಹೇಳೋಕಾಗಲ್ಲ ಅಮ್ಮ. ಆದ್ರೆ ಮಗುಗೆ ಮಂಪರು ಇದ್ರೆ ಚೀಪಲ್ಲ, ಚೀಪದಿದ್ರೆ ಹಾಲು ತಾನಾಗೇ ಬತ್ತುತ್ತೆ."

"ಹಂಗಾದ್ರೆ ನಂಗೆ ಹಾಲಿತ್ತು ಅಂತೀರಾ?"

"ಇದ್ದಿರಬೇಕು."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹುಡುಗಿ ಎದ್ದು ಬಂದು, ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದು ಕೈಯನ್ನು ಅವರ ಬೆನ್ನ ಮೇಲಿಟ್ಟಳು. ಅವರು ಆ ಕೈಯನ್ನು ತಳ್ಳಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಮೊದಲಿನ ದನಿ ವಾಪಸು ಬಂತು. ಆ ದನಿ ಮೊದಲು ತಿರುಗಿದ್ದು ನನ್ನ ಕಡೆಗೇ.

"ಏನ್ರಮ್ಮ, ಪಾರ್ಕು, ವಾಕಿಂಗು, ಬಿಪಿ ಅಂತೆಲ್ಲ ನೀವಿಬ್ರೂ ಸೇರ್ಕೊಂಡು ನನ್ನ ಕಾವಲು ನಾಯಿ ಮಾಡಿದ್ರಾ?"

"ನಿಮಗಿಂತ ಒಳ್ಳೆ ಕಾವಲು ಸಿಗ್ತಿರ್ಲಿಲ್ಲ ಅಮ್ಮ" ಎಂದೆ. ಅದು ಮುಖಸ್ತುತಿಯಾಗಿರಲಿಲ್ಲ.

"ಅಯ್ಯೋ, ಆ ಮೇಷ್ಟ್ರು!" ಎಂದು ಇದ್ದಕ್ಕಿದ್ದಂತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಹೊಂಗೆ ಎಲೆ ಅಂತ ಅವ್ರ ವಂಶಾನೇ ಜಾಲಾಡ್ಬಿಟ್ನಲ್ಲೇ! ನಾಮಕರಣಕ್ಕೆ ಮೊದಲ ಎಲೆ ಅವ್ರಿಗೇ ಹಾಕ್ಬೇಕು." ಸೊಸೆ ತಡೆಯಲಾರದೆ ನಕ್ಕಳು. ಅತ್ತೆ ಅವಳನ್ನು ಗುರಾಯಿಸಿ, ಮಗನಿಗೆ ಮನೆಯಲ್ಲಿ ಬೇರೆ ಪೂಜೆ ಇದೆ ಎಂದು ಘೋಷಿಸಿದರು. ಆಮೇಲೆ ನನ್ನದೇ ಚಮಚದಲ್ಲಿ ಲೇಹ್ಯವನ್ನೆಲ್ಲ ತೋಡಿ ನಮ್ಮ ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿ, ಬಾಟಲಿಯನ್ನು ಕೈತೊಳೆಯುವ ನಲ್ಲಿಯಲ್ಲಿ ತಿಕ್ಕಿ ತೊಳೆದು ಚೀಲಕ್ಕಿಟ್ಟುಕೊಂಡರು. ನಿದ್ದೆ ಪುಡಿ ಇಲ್ಲದ ಹೊಸ ಲೇಹ್ಯ ಅದೇ ಬಾಟಲಿಯಲ್ಲಿ ನನಗೂ ಬರಲಿದೆಯಂತೆ.

ಬಾಗಿಲವರೆಗೆ ಹೋದವರು ನಿಂತು, ಸೊಸೆಯ ಸ್ಕಾರ್ಫ್ ಸರಿಮಾಡಿ, ಜಾರಿದ ಹತ್ತಿಯನ್ನು ಕಿವಿಗೆ ಒತ್ತಿದರು.

"ದಿನಾ ಬಿಸ್ನೀರು ಖಾಲಿ ಮಾಡ್ತಿದ್ದಿದ್ದು ಇದಕ್ಕೇನೇ?"

"ಹೂಂ ಅತ್ತೆ."

"ಬಾಯ್ಬಿಟ್ಟು ಹೇಳಿದ್ರೆ ನಾನು ಒಲೆ ಉರಿ ಹಾಕಿ ಕಾಯಿಸಿ ಕೊಡ್ತಿರ್ಲಿಲ್ವಾ?" ಎಂದರು. "ನಡಿ, ಮನೆಗೆ ಹೋಗಿ ನೀರು ಹಾಕ್ತೀನಿ. ಇವತ್ತು ಸೋಲಾರಲ್ಲಿರೋದೆಲ್ಲ ನಿಂಗೇ."